ಟೇಪು ಮುಗಿದ ಜಾಗ

ಹಲಸೂರಿನ ಬಾಡಿಗೆ ಕೋಣೆಗೆ ಬಂದ ಮೊದಲ ಭಾನುವಾರ ಕೆಳಗಿನ ಮನೆಯಲ್ಲಿ ಯಾರೋ ಗಂಟಲು ಬಿಚ್ಚಿ ಇಂಗ್ಲಿಷಿನಲ್ಲಿ ಹಾಡುತ್ತಿದ್ದರು. ಜೊತೆಗೆ ಗಿಟಾರ್. ಹಾಡು ಏರುತ್ತಾ ಹೋಗಿ, ಒಂದು ಸಾಲಿನ ನಡುವೆ, ಕತ್ತರಿಸಿದ ಹಾಗೆ ನಿಂತಿತು. ಹಾಡುವವರಿಗೆ ಏನೋ ಆಯಿತೆಂದು ನಾನು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ. ಹಾಡಿದ್ದ ಮನೆ ಮಾಲೀಕ ಸೆಲ್ವರಾಜ್ ಆರಾಮಾಗಿ ಟೀ ಕುಡಿಯುತ್ತಾ ಕೂತಿದ್ದರು.

"ಏನಾತ್ರೀ?"

"ಏನಿಲ್ಲ. ಸಾಂಗ್ ಮುಗೀತು."

"ಮುಗೀಲಿಲ್ಲಲ್ರೀ. ನಡುವ ನಿಂತ್ತು."

ಗಿಟಾರ್ ಹಿಡಿದಿದ್ದವರು ನಕ್ಕರು. "ಅದು ಮುಗಿಯೋದೇ ಅಲ್ಲಿ ಮಿಯಾ. ಕೂತ್ಕೊಳ್ಳಿ, ಚಾಯ್ ಕುಡೀರಿ."

ಅವರು ರಿಯಾಜ್ ಭಾಯ್, ಶಿವಾಜಿನಗರದಲ್ಲಿ ಚರ್ಮದ ಬ್ಯಾಗುಗಳ ವ್ಯಾಪಾರಿ. ಸೆಲ್ವರಾಜ್ ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು. ಇಬ್ಬರೂ ಹುಡುಗರಾಗಿದ್ದಾಗ ಹಡಗಿನಲ್ಲಿ ಕೆಲಸ ಮಾಡುವ ನೆಂಟರೊಬ್ಬರು ಹೊರದೇಶದಿಂದ ಒಂದು ಬ್ಲೂಸ್-ರಾಕ್ ಆಲ್ಬಂ ತಂದಿದ್ದರು. ಆ ಎಲ್‌ಪಿ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕ್ಯಾಸೆಟ್ಟಿಗೆ ತುಂಬಿಸಿದರು. ತಟ್ಟೆಗಿಂತ ಟೇಪು ಸ್ವಲ್ಪ ಗಿಡ್ಡ. ಕೊನೆಯ ಹಾಡು ಸಾಲಿನ ನಡುವೆ ತುಂಡಾಯಿತು. ಅದೇ ಕ್ಯಾಸೆಟ್ ನಕಲಾಗುತ್ತಾ ವಿಮಾನಪುರದ ಕ್ವಾರ್ಟರ್ಸಿನವರೆಗೂ ಹೋಯಿತು. ಈ ಕಡೆಯ ಹುಡುಗರು ಗಿಟಾರ್ ಕಲಿತದ್ದು ಅದರಿಂದ, ಕೊನೆಯ ಹಾಡನ್ನು ನಿಲ್ಲಿಸಿದ್ದೂ ಅದು ತುಂಡಾದಲ್ಲಿಯೇ.

ನಾನು ಕಲಬುರಗಿ ಜಿಲ್ಲೆಯವನು. ಕನ್ನಡ ಪತ್ರಿಕೆಯೊಂದರ ಸುದ್ದಿಮೇಜಿನ ಕೆಲಸಕ್ಕೆ ಇಲ್ಲಿಗೆ ಬಂದೆ. ಕಚೇರಿಯಲ್ಲಿ ನನ್ನ ಕನ್ನಡವನ್ನು ಅಣಕಿಸಿ ನಗುತ್ತಿದ್ದರು. ದ್ವೇಷವೇನಿರಲಿಲ್ಲ. ಆದರೂ ಊರಿನಿಂದ ಫೋನ್ ಬಂದರೆ ಎದ್ದು ಹೊರಗೆ ಹೋಗುತ್ತಿದ್ದೆ. ತರಕಾರಿ ಅಂಗಡಿಯಲ್ಲಿ ತಮಿಳು, ಓಣಿಯ ಹುಡುಗರ ಬಾಯಲ್ಲಿ ಅರ್ಧ ಇಂಗ್ಲಿಷು. ಕನ್ನಡ ಬರೆಯಲು ಬಂದವನ ನಾಲಿಗೆ ಈ ಊರಿನಲ್ಲಿ ಮೊದಲು ಸಡಿಲಾದದ್ದು ದಖ್ಖನಿ ಉರ್ದುವಿನಲ್ಲಿ. ಬೇಡ ಎನ್ನುವುದಕ್ಕೆ ರಿಯಾಜ್ ಭಾಯ್ "ನಕ್ಕೋ" ಅಂದಾಗಲೆಲ್ಲ ನಮ್ಮೂರಿನ ಬಸ್ ನಿಲ್ದಾಣದಲ್ಲಿ ನಿಂತ ಹಾಗಾಗುತ್ತಿತ್ತು.

ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಆಚೆ ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳಿವೆ. ಅಲ್ಲೊಬ್ಬ ತಾಯಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಭಾನುವಾರ ಬೆಳಿಗ್ಗೆ ಅಲ್ಲಿಂದ ರೊಟ್ಟಿ ತರುವುದು, ಮಧ್ಯಾಹ್ನ ಕೆಳಗಿನ ಮನೆಯಲ್ಲಿ ಕೂತು ಆ ಆಲ್ಬಮ್ಮಿನ ಹಾಡುಗಳನ್ನು ಕೇಳುವುದು ರೂಢಿಯಾಯಿತು.

ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನ ಕಟ್ಟಿಕೊಂಡ ನೋವಿನ ಹಾಡು. ಒಂದು ಸಾಲು ಹೇಳುತ್ತಾರೆ, ಅದನ್ನೇ ಮತ್ತೆ ಹೇಳುತ್ತಾರೆ, ಮೂರನೆಯ ಸಾಲು ಉತ್ತರ. ನಮ್ಮ ತತ್ವಪದದ ಹಿಮ್ಮೇಳ ಮಾಡುವ ಕೆಲಸವನ್ನು ಇಲ್ಲಿ ಗಿಟಾರ್ ಮಾಡುತ್ತದೆ. ತತ್ವಪದ ಕೊನೆಗೆ ಗುರುವಿನ ದಾರಿ ತೋರಿಸುತ್ತದೆ. ಇದು ಯಾವ ದಾರಿಯನ್ನೂ ತೋರಿಸದೆ, ದುಃಖವನ್ನು ಇದ್ದ ಜಾಗದಲ್ಲೇ ಬಿಟ್ಟು ಹೋಗುತ್ತದೆ. ಅಷ್ಟು ಹಳೆಯ ಆಲ್ಬಂ ಇನ್ನೂ ಸವೆಯದಿರುವುದು ಅದಕ್ಕೇ ಇರಬೇಕು. ಒಂಟಿ ಕೋಣೆಗೆ ಮರಳುವವನಿಗೆ ಅದು ಸುಳ್ಳು ಹೇಳುವುದಿಲ್ಲ.

ಆದರೂ ಆ ತುಂಡು ಸಾಲು ನನ್ನನ್ನು ಕಾಡಿತು. ಊರಿನ ಭಜನೆಯಲ್ಲಿ ಪದವನ್ನು ಅರ್ಧಕ್ಕೆ ಬಿಡುವಂತಿಲ್ಲ. ಹಾಡುವವನ ದನಿ ಬಿದ್ದರೆ ಪಕ್ಕದವನು ಅಲ್ಲಿಂದಲೇ ಎತ್ತಿಕೊಳ್ಳುತ್ತಾನೆ. ಸುದ್ದಿಮೇಜಿನಲ್ಲೂ ಅರ್ಧ ವಾಕ್ಯ ಮುಂದೆ ಹೋಗುವುದಿಲ್ಲ. ಒಂದು ಭಾನುವಾರ, ಉಪಕಾರ ಮಾಡುತ್ತಿದ್ದೇನೆಂದುಕೊಂಡು, ಫೋನಿನಲ್ಲಿ ಪೂರ್ತಿ ಹಾಡು ಹಾಕಿದೆ. ತುಂಡಾಗುವ ಜಾಗ ಬರುವ ಮೊದಲೇ ರಿಯಾಜ್ ಭಾಯ್ ಫೋನಿನ ಮೇಲೆ ಅಂಗೈ ಇಟ್ಟರು. "ನಕ್ಕೋ ಮಿಯಾ."

"ಮಿಕ್ಕಿದ್ದು ಕೇಳಿದೀವಿ ಸರ್," ಎಂದರು ಸೆಲ್ವರಾಜ್. "ಚೆನ್ನಾಗೇ ಇದೆ. ಅದು ಅವ್ರ ಸಾಂಗು. ನಮ್ದು ಇಷ್ಟೇ."

ಆ ಮಳೆಗಾಲದಲ್ಲಿ ಸೆಲ್ವರಾಜ್ ಅವರ ಗಂಟಲು ಕಟ್ಟಿತು. ಬ್ಲೂಸ್‌ಗೆ ಈಗ ಸರಿಯಾದ ವಾಯ್ಸ್ ಬಂತು ಎಂದು ರಿಯಾಜ್ ಭಾಯ್ ತಮಾಷೆ ಮಾಡಿದರು. ಆಮೇಲೆ ಮಾಡಲಿಲ್ಲ. ಗಂಟಲಲ್ಲಿ ಗಡ್ಡೆ ಇತ್ತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ವೈದ್ಯರು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಭಾನುವಾರ, ಅವರು ಕೊನೆಯ ಹಾಡಿಗೆ ಕೂತರು.

"ಬ್ಯಾಡ ಬಿಡ್ರೀ, ನೋವಾಗ್ತದ," ಎಂದೆ.

"ನಾಳೆಯಿಂದ ಏನ್ ಮಾಡೋಕೆ ಇಟ್ಕೊಳ್ಲಿ ಇದನ್ನ?" ಎಂದು ಗಂಟಲು ಮುಟ್ಟಿಕೊಂಡರು.

ಜಲ್ಲಿಯ ಮೇಲೆ ಎಳೆದಂಥ ದನಿಯಲ್ಲಿ ಹಾಡಿದರು. ಟೇಪು ಮುಗಿಯುವ ಜಾಗಕ್ಕೆ ಇನ್ನೂ ಒಂದಷ್ಟು ಸಾಲುಗಳಿದ್ದಾಗ ದನಿ ಬಿತ್ತು. ಬಾಯಿ ತೆರೆದರು, ಗಾಳಿ ಮಾತ್ರ ಬಂತು. ರಿಯಾಜ್ ಭಾಯ್ ತಲೆ ಎತ್ತದೆ ಅದೇ ಸುತ್ತನ್ನು ಮತ್ತೆ ನುಡಿಸಿದರು. ಇನ್ನೊಮ್ಮೆ ನುಡಿಸಿದರು. ದನಿ ಬರಲಿಲ್ಲ.

ನಾನು ಎತ್ತಿಕೊಂಡೆ. ಯೋಚಿಸಿ ಮಾಡಿದ್ದಲ್ಲ, ಊರಿನಲ್ಲಿ ಹಾಗೆಯೇ ಮಾಡುತ್ತೇವೆ. ಮುಂದಿನ ಸಾಲು ಹಾಡಿದೆ, ಅದರ ಮುಂದಿನದು ಹಾಡಿದೆ. ಪೂರ್ತಿ ಹಾಡು ನನಗೆ ಬಾಯಿಪಾಠವಾಗಿತ್ತು. ಆ ಜಾಗ ಬಂದಾಗ ಅದರಾಚೆಯ ಪದ ನಾಲಿಗೆಯ ಮೇಲಿತ್ತು. ಸೆಲ್ವರಾಜ್ ನನ್ನನ್ನೇ ನೋಡುತ್ತಿದ್ದರು. ನಿಲ್ಲಿಸಿದೆ. ಗಿಟಾರೂ ನಿಂತಿತು.

"ಪ್ರೊನನ್ಸಿಯೇಷನ್ ಮೋಸ," ಎಂದು ಸೆಲ್ವರಾಜ್ ಪಿಸುಗುಟ್ಟಿದರು. "ಟೈಮಿಂಗ್ ಪರ್ವಾಗಿಲ್ಲ."

ನಾನು ಕೇಳಿದ ಅವರ ಕೊನೆಯ ಮಾತು ಅದು.

ಈಗ ಅವರ ಕುತ್ತಿಗೆಯ ಮುಂದೆ, ಉಸಿರಾಡುವ ರಂಧ್ರದ ಮೇಲೆ, ಒಂದು ಬಿಳಿ ಬಟ್ಟೆ ಇರುತ್ತದೆ. ಭಾನುವಾರ ರಿಯಾಜ್ ಭಾಯ್ ಬರುತ್ತಾರೆ, ನಾನು ಹಾಡುತ್ತೇನೆ. ಚೆನ್ನಾಗಿ ಹಾಡುವುದಿಲ್ಲ. ಸೆಲ್ವರಾಜ್ ಕಿಟಕಿಯ ಕಡೆ ತಿರುಗಿ ಕುರ್ಚಿಯ ಕೈ ತಟ್ಟುತ್ತಿರುತ್ತಾರೆ. ಆ ಜಾಗ ಬಂದಾಗ ತಟ್ಟುವ ಕೈ ಮೇಲೇಳುತ್ತದೆ. ನಾನು ಬಾಯಿ ಮುಚ್ಚುತ್ತೇನೆ.

"ನಿಮ್ಮ ಇಂಗ್ಲಿಷ್‌ನಲ್ಲಿ ಗುಲ್ಬರ್ಗಾ ಕೇಳ್ಸುತ್ತೆ ಮಿಯಾ," ಎನ್ನುತ್ತಾರೆ ರಿಯಾಜ್ ಭಾಯ್. ಹೋದ ಸಲ ಊರಿನ ಭಜನೆಯಲ್ಲಿ ಕೂತಾಗ ಕಾಕಾ ತಾಳ ಕೆಳಗಿಟ್ಟು, "ನಿನ್ನ ದನಿ ಬ್ಯಾರೆ ಆಗ್ಯಾದ ನೋಡಪಾ. ಅದರಾಗ ಬೆಂಗಳೂರು ಹೊಕ್ಕದ," ಎಂದರು.

ಹಾಡಿನ ಉಳಿದ ಭಾಗವನ್ನು ಹಲಸೂರಿನಲ್ಲಿ ಹಾಡುವಂತಿಲ್ಲ. ಊರಿನಲ್ಲಿ ಹಾಡಿದರೆ ಕೇಳುವವರಿಲ್ಲ. ಎರಡೂರಿನ ನಡುವೆ ಓಡಾಡುವ ಬಸ್ಸಿನಲ್ಲಿ, ಪಕ್ಕದವರು ನಿದ್ದೆ ಹೋದ ಮೇಲೆ, ತುಟಿಯೊಳಗೇ ಅದನ್ನು ಕೊನೆಯವರೆಗೂ ಹಾಡಿಕೊಳ್ಳುತ್ತೇನೆ.