ರತ್ನತ್ತೆಯ ಗುಂಡಿನ ಅಚ್ಚು

ನರಸಾಪುರದ ಕಾರ್ಖಾನೆಯಲ್ಲಿ ನಾನು ಕೆಲಸ ಮಾಡುವ ಸಾಲಿನ ಕೊನೆಗೆ ಬೆಸುಗೆ ಹಾಕುವ ಮೇಜೊಂದಿದೆ. ಬೆಳಗಿನ ಪಾಳಿ ಶುರುವಾದ ಸ್ವಲ್ಪ ಹೊತ್ತಿಗೆ ಅಲ್ಲಿಂದ ತೆಳ್ಳಗೆ ರಾಳದ ಹೊಗೆ ಏಳುತ್ತದೆ. ಆ ವಾಸನೆ ಮೂಗಿಗೆ ತಾಕಿದರೆ ಸಾಕು, ನಮ್ಮ ಮನೆಯ ಹಿತ್ತಿಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಹುಣಸೆಮರದ ನೆರಳು, ಮೂರು ಕಲ್ಲಿನ ಒಲೆ, ಒಲೆಯ ಮೇಲಿನ ಸಣ್ಣ ಬಾಣಲೆಯಲ್ಲಿ ಕನ್ನಡಿಯಂತೆ ಹೊಳೆಯುವ ಕರಗಿದ ಸೀಸ, ಅದರ ಮೇಲಿನ ಕೊಳೆ ಬಿಡಿಸಲು ಚಿಟಿಕೆ ರಾಳ ಉದುರಿಸಿ, ಸೆರಗನ್ನು ಮೂಗಿಗೆ ಬಿಗಿದು, ಗಾಳಿಗೆ ಬೆನ್ನು ಕೊಟ್ಟು ಕೂತ ನಮ್ಮ ರತ್ನತ್ತೆ. ನಿಮಗೂ ಹೀಗೆ ಆಗಿರಬಹುದು. ಎಂದೋ ಕೆಡವಿಹಾಕಿದ ಮನೆಯೊಂದು ಯಾವುದೋ ವಾಸನೆಯೊಳಗೆ ಒಂದು ಹೆಂಚೂ ಒಡೆಯದೆ ಉಳಿದುಕೊಂಡಿರುತ್ತದೆ.

ನಮ್ಮೂರು ವಿಗ್ರಹ ಕೆತ್ತುವವರ ಶಿವಾರಪಟ್ಟಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿತ್ತು. ಗಾಳಿ ಆ ಕಡೆಯಿಂದ ಬೀಸಿದರೆ ಕಲ್ಲಿನ ಮೇಲೆ ಉಳಿ ಬೀಳುವ ಸದ್ದು ನಮ್ಮ ಜಗಲಿಗೂ ಕೇಳುತ್ತಿತ್ತು. ನಮ್ಮದು ರಾಗಿ, ಕಡ್ಲೆಕಾಯಿ, ಹಿಪ್ಪುನೇರಳೆಯ ಮನೆ. ಕಡ್ಲೆಕಾಯಿಗೆ ನುಗ್ಗುವ ಕಾಡುಹಂದಿ ಓಡಿಸಲು ತಾತನ ಹತ್ತಿರ ಲೈಸೆನ್ಸಿನ ನಾಡಬಂದೂಕು ಇತ್ತು. ಅದಕ್ಕೆ ಬೇಕಾದ ಸೀಸದ ಗುಂಡುಗಳನ್ನು ತಾತ ತಾನೇ ಎರೆಯುತ್ತಿದ್ದ. ಸುತ್ತಮುತ್ತಲ ಲೈಸೆನ್ಸುದಾರರೂ ತಮ್ಮ ಹಳೆಯ ಅಚ್ಚುಗಳು ಕೆಟ್ಟರೆ ಅವನ ಹತ್ತಿರವೇ ತರುತ್ತಿದ್ದರು. ಅಚ್ಚು ಎಂದರೆ ಇಕ್ಕಳದ ಹಾಗೆ ಬಾಯಿ ತೆರೆದು ಮುಚ್ಚುವ ಹಿತ್ತಾಳೆಯ ಸಾಧನ. ಬಾಯೊಳಗೆ ಗೋಲಿಯಾಕಾರದ ಗುಳಿ. ಅದರ ಜೊತೆಗೆ ನಡುವೆ ತೂತಿರುವ ದಪ್ಪ ಕಬ್ಬಿಣದ ಪಟ್ಟಿ. ಎರೆದ ಗುಂಡನ್ನು ಆ ತೂತಿನ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿ ಇಳಿಸಿದರೆ ಉಬ್ಬು ಸವೆದು ಎಲ್ಲವೂ ಒಂದೇ ಅಳತೆಗೆ ಬರುತ್ತಿದ್ದವು. ಈ ಕೆಲಸವನ್ನು ತಾತನಿಂದ ಕಲಿತದ್ದು ಅವನ ಗಂಡುಮಕ್ಕಳಲ್ಲ, ಹಿರಿಮಗಳು ರತ್ನತ್ತೆ. ಬೈರಕೂರಿನ ಕಡೆಗೆ ಮದುವೆಯಾಗಿ ಎರಡೇ ವರ್ಷಕ್ಕೆ ತಿರುಗಿ ಬಂದವಳು. ಯಾಕೆಂದು ಕೇಳಿದವರಿಗೆಲ್ಲ ಅವಳದು ಒಂದೇ ಮಾತು: "ನಂಗಲ್ಲಿ ಸರಿಹೋಗ್ಲಿಲ್ಲ." ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ನಮ್ಮ ಅಜ್ಜಿಗೂ ಇರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ತಾತ ಹೋದ. ಅಪ್ಪ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ. ತಿಥಿ ಮುಗಿದ ವಾರದಲ್ಲೇ ಚಿಕ್ಕಪ್ಪ ಅಚ್ಚು, ಪಟ್ಟಿ, ಬಾಣಲೆಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಗುಜರಿಯವನ ಗಾಡಿಗೆ ಹಾಕಿಬಿಟ್ಟ. ಅತ್ತೆ ಸೊಪ್ಪು ಹೊತ್ತುಕೊಂಡು ಹೊಲದಿಂದ ಬಂದಳು, ಖಾಲಿ ಮೂಲೆ ನೋಡಿದಳು. ಸೊಪ್ಪಿನ ಹೊರೆ ಅಲ್ಲೇ ಇಳಿಸಿ, ಚಪ್ಪಲಿಯನ್ನೂ ಮೆಟ್ಟದೆ ಗುಜರಿಯವನನ್ನು ಹುಡುಕಿಕೊಂಡು ಟೇಕಲ್ ದಾರಿ ಹಿಡಿದಳು. ಸಂಜೆ ಹೊತ್ತಿಗೆ ಚೀಲವನ್ನು ತಲೆಯ ಮೇಲೆ ಹೊತ್ತು ತಿರುಗಿ ಬಂದಾಗ ಅವಳ ಕಿವಿಯಲ್ಲಿ ಓಲೆಗಳಿರಲಿಲ್ಲ. ಚಿಕ್ಕಪ್ಪ ಜಗಲಿಯಿಂದ ಕೂಗಿದ. "ಬಂದೂಕೇ ಇಲ್ಲ, ಇನ್ನು ಗುಂಡು ಇಟ್ಕೊಂಡು ಯಾರಿಗ್ ಹೊಡೀತೀಯಕ್ಕ?"

"ಇನ್ನೊಂದ್ಸಲ ಇದನ್ನ ಮುಟ್ಟು, ಆಗ ಹೇಳ್ತೀನಿ" ಅಂದಳು ಅತ್ತೆ.

ಗುಜರಿಯವನ ಗಾಡಿಯಲ್ಲಿ ಅಚ್ಚಿನ ಕೀಲು ಮುರಿದಿತ್ತು, ಒಂದು ಹಿಡಿ ಸೀಳಿತ್ತು, ಪಟ್ಟಿಯ ತೂತಿಗೆ ತುಕ್ಕು ಹತ್ತಿತ್ತು. ಏನಕ್ಕೆ ಎಂದು ತಿಳಿಯದೆಯೇ ಅವಳು ರಿಪೇರಿ ಶುರು ಮಾಡಿದಳು. ಹುಣಸೆಹಣ್ಣಿನ ರಸಕ್ಕೆ ಬೂದಿ ಕಲಸಿ ಹಿತ್ತಾಳೆಯನ್ನು ತಿಕ್ಕಿದಳು. ಹೊಂಗೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಪಟ್ಟಿಯ ತೂತಿನಲ್ಲಿ ದಿನಗಟ್ಟಲೆ ಎಳೆದಾಡಿದಳು. ಮುರಿದ ಕೀಲಿನ ಜಾಗಕ್ಕೆ ದಪ್ಪ ಮೊಳೆ ತೂರಿಸಿ ಬಡಿದಳು, ಜಾಲಿಮರದ ಕೊಂಬೆ ಕೆತ್ತಿ ಹಿಡಿ ಕೂರಿಸಿದಳು. ಅವಳು ಹಾಗೆ ಕೂತಿರುವಾಗಲೇ ಒಂದು ದಿನ ತಾತನ ಗೆಳೆಯ, ಶಿವಾರಪಟ್ಟಣದ ವಿಗ್ರಹ ಕೆತ್ತುವ ಮುದುಕ ಆಚಾರಿ ಮಾತನಾಡಿಸಲು ಬಂದರು. ಕಾಫಿ ಕುಡಿಯುತ್ತ ಅಂಗಡಿಯಲ್ಲಿ ಸಿಗುವ ತೂಕದ ಗುಂಡುಗಳನ್ನು ಬೈದರು. ದಾರಕ್ಕೆ ಕಟ್ಟಿ ಇಳಿಬಿಟ್ಟು ಕಲ್ಲು ನೆಟ್ಟಗಿದೆಯೇ ಎಂದು ನೋಡುವ ಚೂಪುತುದಿಯ ಗುಂಡು ಅದು. "ಒಂದೂ ನೆಟ್ಟಗಿಲ್ಲಮ್ಮ. ದೇವರ ಮೂಗೇ ಸೊಟ್ಟ ಆಗೋ ಹಂಗಿದಾವೆ" ಅಂದರು. ಅತ್ತೆ ತಿಕ್ಕುವುದನ್ನು ನಿಲ್ಲಿಸಿ ಅಚ್ಚನ್ನೇ ನೋಡುತ್ತ ಕೂತಳು.

ಮಾರನೆಯ ದಿನವೇ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿ ಮಾಲೂರಿನ ಲೇತ್ ಅಂಗಡಿಗೆ ಹೋದಳು. ಅಂಗಡಿಯ ಖಾಸಿಂ ಸಾಬರು ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಅಕ್ಕಾ, ಹಳೇ ಕಾಲದ ಮಾಲು. ಒಂದ್ಸಲ ಕೊರೆದ್ರೆ ಮತ್ತೆ ಗೋಲಿ ಗುಂಡು ಬರಲ್ಲ. ಸೋಚ್ ಲೋ, ಯೋಚ್ನೆ ಮಾಡಿ" ಅಂದರು. ಅತ್ತೆ ಅಚ್ಚನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದಳು. ತಾತನ ಬೆರಳುಗಳು ನಲವತ್ತು ವರ್ಷ ಹಿಡಿದು ಸವೆಸಿದ ಹಿತ್ತಾಳೆ ಅದು. ಕೊನೆಗೆ "ಕೊರೀರಿ" ಅಂದಳು. ಲೇತಿನಿಂದ ಚಿನ್ನದ ಬಣ್ಣದ ಸುರುಳಿ ಸುರುಳಿ ಚೂರು ಉದುರುವಾಗ ಅವಳು ಅತ್ತ ಮುಖ ತಿರುಗಿಸಿಕೊಂಡು ನಿಂತಿದ್ದು ನನಗೆ ನೆನಪಿದೆ. ಗೋಲಿಯ ಗುಳಿ ಹೋಗಿ ಕೆಳಗೆ ಚೂಪು, ಮೇಲೆ ಉರುಟಾದ ಗುಳಿ ಬಂತು. ಅದಕ್ಕೆ ಹೊಂದುವ ಹಾಗೆ ಪಟ್ಟಿಯ ತೂತನ್ನೂ ಹಿಗ್ಗಿಸಿಕೊಟ್ಟರು.

ಮೊದಲ ಗುಂಡನ್ನು ಆಚಾರಿ ದಾರಕ್ಕೆ ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ಇದು ಸುಳ್ಳು ಹೇಳ್ತದಮ್ಮ" ಎಂದು ಹಿಂದಕ್ಕೆ ಕೊಟ್ಟರು. ಎರಡನೆಯದೂ ಸುಳ್ಳು ಹೇಳಿತು. ಮೂರನೆಯದೂ ಹೇಳಿತು. ದಾರ ಕಟ್ಟಲು ಗುಂಡಿನ ತಲೆಯಲ್ಲಿ ಕೂರಿಸುವ ಕೊಂಡಿ ಎರೆಯುವಾಗ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಅತ್ತೆ ಬೈದುಕೊಳ್ಳುತ್ತ ಕರಗಿಸಿ ಮತ್ತೆ ಎರೆದಳು. ಒಮ್ಮೆ ಅಚ್ಚು ಒದ್ದೆಯಿದ್ದದ್ದು ತಿಳಿಯದೆ ಸೀಸ ಸಿಡಿದು ಮುಂಗೈ ಸುಟ್ಟಿತು. ಅಂದಿನಿಂದ ನಮ್ಮನ್ನೆಲ್ಲ ದೂರ ನಿಲ್ಲಿಸಲು ಹಿತ್ತಿಲಲ್ಲಿ ಸುಣ್ಣದ ಗೆರೆ ಎಳೆದಳು. "ಹೆಂಗಸು ಇದನ್ನೆಲ್ಲ ಯಾಕೆ ಹಚ್ಕೋಬೇಕು" ಎಂದು ಊರು ಮಾತಾಡಿತು. ಅವಳು ಕೊಂಡಿಯನ್ನು ನೇರ ಹಿಡಿಯುವ ಒಂದು ತಗಡಿನ ಮುಚ್ಚಳ ಮಾಡಿಕೊಂಡಳು. ಎರೆದ ಗುಂಡನ್ನು ಚೂಪು ಕೆಳಗಾಗಿ ಪಟ್ಟಿಯಲ್ಲಿ ತಟ್ಟಿ ಇಳಿಸಿದಳು. ಆಚಾರಿ ಈ ಸಲ ಬಹಳ ಹೊತ್ತು ನೋಡಿದರು. ಗುಂಡನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಅತ್ತೆ ಒಲೆಯ ಮುಂದೆ ಒಬ್ಬಳೇ ಕೂತು ನಕ್ಕದ್ದು ನಾನು ಆಗಲೇ ಮೊದಲ ಸಲ ನೋಡಿದ್ದು.

ಅಲ್ಲಿಂದ ಕಲ್ಲುಕೆಲಸದವರು, ಗಾರೆಯವರು ನಮ್ಮ ಮನೆ ಹುಡುಕಿಕೊಂಡು ಬರತೊಡಗಿದರು. "ರತ್ನಮ್ಮ ಗುಂಡು ಎರೀತಾಳೆ" ಎಂಬ ಮಾತು ಊರಿಂದೂರಿಗೆ ಹೋಗಿ, ಹೋಗಬಾರದ ಕಿವಿಗೂ ಹೋಯಿತು. ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರು, ಅವರ ಹಿಂದೆ ಒಬ್ಬ ಪೇದೆ.

"ಗುಂಡು ಮಾಡ್ತೀರಂತಲ್ಲ?"

"ಮಾಡ್ತೀನಿ" ಅಂದಳು ಅತ್ತೆ.

ಲೈಸೆನ್ಸು ರದ್ದಾದ ಮನೆಯಲ್ಲಿ ಗುಂಡಿನ ಅಚ್ಚು ಇದ್ದರೆ ಕೇಸಾಗುತ್ತದೆ, ಸಾಮಾನು ಠಾಣೆಗೆ ಬರಲಿ ಎಂದರು ಇನ್ಸ್‌ಪೆಕ್ಟರು. "ಕೊಟ್ಬಿಡಕ್ಕ, ಜೈಲು ಯಾಕ್ ಬೇಕು" ಎಂದು ಚಿಕ್ಕಪ್ಪ ನಿಜಕ್ಕೂ ಅಳುವ ಹಾಗೆ ಕೇಳಿಕೊಂಡ. ಅತ್ತೆ ಅಚ್ಚನ್ನು ಮಡಿಲಿಗೆ ಎಳೆದುಕೊಂಡಳು.

"ಎತ್ಕೊಂಡು ಹೋಗೋಕೆ ಮುಂಚೆ ನಿಮ್ ಕಣ್ಣೆದುರಿಗೇ ಒಂದು ಎರೀತೀನಿ. ಬಂದೂಕಿಗೆ ಹೋಗೋ ಗುಂಡು ಬಂದ್ರೆ ಅಚ್ಚೂ ನಿಮ್ದೇ, ನಾನೂ ಜೀಪು ಹತ್ತುತೀನಿ. ಬರ್ದೇ ಇದ್ರೆ, ಇನ್ಮೇಲೆ ಈ ಅಂಗಳಕ್ಕೆ ಕೇಳ್ಕೊಂಡು ಬರ್ಬೇಕು."

ಅವಳು ಒಲೆ ಹೊತ್ತಿಸಿದಳು. ಸೀಸ ಕರಗಿದೊಡನೆ ಎರೆದು, ಅಚ್ಚು ಬಿಚ್ಚಿ, ಆರಿದ ಮೇಲೆ ಪಟ್ಟಿಯಲ್ಲಿ ಇಳಿಸಿ, ದಾರ ಕಟ್ಟಿ ಇನ್ಸ್‌ಪೆಕ್ಟರ ಕೈಗೇ ಕೊಟ್ಟಳು. ಪೇದೆ ಬಗ್ಗಿ ನೋಡಿ, "ಸಾರ್, ಇದು ಗಾರೆಯವರ ತೂಕದ ಗುಂಡು. ನಮ್ಮನೆ ಕಟ್ಟುವಾಗ ನೋಡಿದೀನಿ" ಅಂದ. ಇನ್ಸ್‌ಪೆಕ್ಟರು ದಾರವನ್ನು ನಮ್ಮ ಗೋಡೆಗೆ ಹಿಡಿದು ನೋಡಿದರು. "ಸೊಟ್ಟ ಇದೆಯಲ್ಲಮ್ಮ."

"ಗುಂಡು ನೆಟ್ಟಗಿದೆ ಸ್ವಾಮಿ, ಗೋಡೆ ವಾಲಿದೆ."

ಅವರು ನಗು ತಡೆದುಕೊಂಡರು. ಜೀಪು ಖಾಲಿಯಾಗಿಯೇ ಹೋಯಿತು. ಚಿಕ್ಕಪ್ಪ ಆ ಸಂಜೆ ಅತ್ತೆಯ ಪಕ್ಕದಲ್ಲಿ ಊಟಕ್ಕೆ ಕೂತು, ತಾನೇ ಅವಳ ತಟ್ಟೆಗೆ ಮುದ್ದೆ ಹಾಕಿದ.

ನನಗೆ ಮದುವೆಯಾಗುವ ಹೊತ್ತಿಗೆ ಹೊಸದಾಗಿ ಬರಲಿದ್ದ ದೊಡ್ಡ ರಸ್ತೆಯ ಗುರುತಿನ ಕಲ್ಲುಗಳು ನಮ್ಮ ಹಿತ್ತಿಲಿನೊಳಗೇ ಬಂದು ಕೂತವು. ಪರಿಹಾರಕ್ಕಾಗಿ ಮನೆಯವರ ವಿವರ ಬರೆದುಕೊಳ್ಳಲು ಬಂದ ಗುಮಾಸ್ತ ಅಪ್ಪನ, ಚಿಕ್ಕಪ್ಪನ ಕಸುಬು ಕೇಳಿ ಬರೆದು, ಅತ್ತೆಯ ಹೆಸರಿನ ಮುಂದೆ ಕೇಳದೆಯೇ 'ಮನೆಗೆಲಸ' ಎಂದು ತುಂಬಿಸಿದ. ಪಕ್ಕದಲ್ಲಿದ್ದ ನಾನು ಅದನ್ನು ಓದಿ ಹೇಳಿದೆ.

"ಹೊಡೆದಾಕಿ ಅದನ್ನ" ಅಂದಳು ಅತ್ತೆ. "ಎರಕದ ಕೆಲಸ ಅಂತ ಬರೀರಿ."

"ಅದ್ರಿಂದ ನಿಮ್ಗೇನೂ ಹೆಚ್ಚಿಗೆ ಬರಲ್ಲ ಕಣಮ್ಮ."

"ಬರ್ಲಿ ಅಂತ ಯಾರು ಕೇಳಿದ್ರು? ಮಾಡೋದನ್ನ ಬರೀರಿ."

ಅವನು ಬರೆಯುವವರೆಗೂ ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಮನೆ ಬಿಡುವ ಹಿಂದಿನ ದಿನ ಅಚ್ಚನ್ನೂ ಪಟ್ಟಿಯನ್ನೂ ಆಚಾರಿಯ ಸೊಸೆಗೆ ಕೊಟ್ಟು, ಹಿಡಿಯುವುದು ಹೇಗೆಂದು ಇಡೀ ದಿನ ಕೂತು ಹೇಳಿಕೊಟ್ಟು ಬಂದಳು. ಮಾಲೂರಿನ ಬಾಡಿಗೆ ಮನೆಯಲ್ಲಿ ಹಿತ್ತಿಲಿರಲಿಲ್ಲ. ಅಲ್ಲಿ ಅವಳು ಮೂರು ವರ್ಷ ಇದ್ದಳು. ಆ ಮನೆಯನ್ನು ಒಮ್ಮೆಯೂ ನಮ್ಮನೆ ಎಂದು ಕರೆಯಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ.

ಹೋದ ವರ್ಷ ಆ ಹೊಸ ರಸ್ತೆಯಲ್ಲಿ ನಾವು ಕಾರಿನಲ್ಲಿ ಹೋಗುತ್ತಿದ್ದೆವು. ದೂರದ ಗುಡ್ಡದ ಆಕಾರ ನೋಡಿ ನಾನು ಜಾಗ ಗುರುತು ಹಿಡಿದೆ. ನಿಲ್ಲಿಸಿ ಅಂದೆ. "ಇಲ್ಲಿ ನಿಲ್ಲಿಸೋ ಹಂಗಿಲ್ಲ ಕಣೇ, ಬೋರ್ಡ್ ಹಾಕಿದಾರೆ" ಅಂದರು ನನ್ನ ಗಂಡ. ನಿಲ್ಲಿಸಿ ಎಂದು ಇನ್ನೊಮ್ಮೆ ಅಂದೆ. ಅವರು ಅಂಚಿಗೆ ಸರಿಸಿ ನಿಲ್ಲಿಸಿದರು. ನಾನು ಇಳಿದು ಕಂಬಿಬೇಲಿಯ ಪಕ್ಕಕ್ಕೆ ಹೋಗಿ ನಿಂತೆ. ನಮ್ಮ ಅಡುಗೆಮನೆ, ಜಗಲಿ, ನಾವೆಲ್ಲ ಹುಟ್ಟಿದ ಕೋಣೆ ಎಲ್ಲವೂ ಆ ಟಾರಿನ ಕೆಳಗೆಲ್ಲೋ ಇದ್ದವು. ಲಾರಿಗಳು ಹಾರ್ನ್ ಹೊಡೆಯುತ್ತ ಹಾದುಹೋದವು. ನನಗೆ ಸಾಕೆನ್ನಿಸುವವರೆಗೆ ನಾನು ಅಲ್ಲೇ ನಿಂತಿದ್ದೆ.