ಅತ್ತಿಗೆಯ ಹೊಸ ಮಂಡಿ

ಬೆಳಿಗ್ಗೆ ಆಪರೇಷನ್, ಸಂಜೆಗೆ ಮನೆ ಎಂದು ಮೈಸೂರಿನ ಡಾಕ್ಟರು ಹೇಳಿದಾಗ ಶಕುಂತಲಮ್ಮನ ಮುಖ ಅರಳಿತು. ಪಕ್ಕದಲ್ಲಿ ಕೂತಿದ್ದ ನಾದಿನಿ ದಮಯಂತಿಗೆ ಮಾತ್ರ ನಂಬಿಕೆ ಬರಲಿಲ್ಲ. ಮಂಡಿ ಕೊಯ್ದು ಲೋಹದ ಕೀಲು ಕೂರಿಸಿ ಅದೇ ದಿನ ಮನೆಗೆ ಕಳಿಸುವುದೆಂದರೇನು? ತಮ್ಮೂರು ಶಿರಂಗಾಲದಲ್ಲಿ ಹಲ್ಲು ಕೀಳಿಸಿಕೊಂಡವರೇ ಮರುದಿನ ಹಾಸಿಗೆ ಬಿಟ್ಟು ಏಳುವುದಿಲ್ಲ.

"ಎಲ್ಲರಿಗೂ ಹೀಗೆ ಮಾಡಲ್ಲಮ್ಮ," ಎಂದರು ಡಾಕ್ಟರು. "ಇವರಿಗೆ ಶುಗರ್ ಇಲ್ಲ, ಹಾರ್ಟ್ ಚೆನ್ನಾಗಿದೆ. ಸಂಜೆ ಎದ್ದು ನಡೆದು, ಬಾತ್‌ರೂಮಿಗೆ ಹೋಗಿ ಬಂದ್ರೆ ಮಾತ್ರ ಕಳಿಸ್ತೀವಿ. ಇಲ್ದಿದ್ರೆ ಇಲ್ಲೇ ಇಟ್ಕೋತೀವಿ. ಆದ್ರೆ ಮನೇಲಿ ಜೊತೆಗೆ ಒಬ್ರು ಇರ್ಲೇಬೇಕು. ಯಾರಿರ್ತೀರ?"

"ನಾನೇ," ಎಂದಳು ದಮಯಂತಿ. ಬೇರೆ ಯಾರ ಹೆಸರು ಹೇಳಿಯಾಳು?

ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣ ಮಂಜುನಾಥನ ಮನೆ ಸೇರಿದವಳು ಅವಳು. ಅಣ್ಣ ಗದ್ದೆ ನೋಡಿಕೊಂಡರೆ, ಮನೆಗೆ ಅಂಟಿಕೊಂಡ ಹಿಟ್ಟಿನ ಗಿರಣಿ ಅತ್ತಿಗೆ ನಾದಿನಿಯರದು. ಅತ್ತಿಗೆ ಕಾಳು ಸುರಿಯುವವರು, ದಮಯಂತಿ ಹಿಟ್ಟು ಹಿಡಿದು ತೂಗುವವಳು. ದಿನಕ್ಕೊಂದು ಸಲ ಜಗಳ, ಊಟದ ಹೊತ್ತಿಗೆ ರಾಜಿ. ಸಿಮೆಂಟು ನೆಲದ ಮೇಲೆ ನಿಂತೂ ನಿಂತೂ ಅತ್ತಿಗೆಯ ಮಂಡಿಗಳು ಸವೆದವು. ಕೊನೆಗೆ ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡಲಾಗದ ಸ್ಥಿತಿ ಬಂತು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಅತ್ತಿಗೆ ವಾಕರ್ ಹಿಡಿದು ವರಾಂಡದ ಉದ್ದಕ್ಕೂ ನಡೆದೇ ಬಿಟ್ಟರು. ಹೊರಡುವಾಗ ವೀಣಾ ಎಂಬ ನರ್ಸು ಮಾತ್ರೆಗಳನ್ನು ಒಂದೊಂದಾಗಿ ತೋರಿಸಿದಳು. "ಇದು ರಕ್ತ ತೆಳು ಮಾಡೋದು, ಹೆಪ್ಪುಗಟ್ಟದ ಹಾಗೆ. ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ. ಮೀನಖಂಡ ಊದಿದ್ರೆ, ಎದೆ ನೋವು ಬಂದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಈ ನಂಬರಿಗೆ ಫೋನ್ ಮಾಡಿ." ದಮಯಂತಿ ತಲೆಯಾಡಿಸಿದಳು. ಅವಳ ಕಣ್ಣೆಲ್ಲ ಕಾರು ಹತ್ತಲು ಒದ್ದಾಡುತ್ತಿದ್ದ ಅತ್ತಿಗೆಯ ಕಾಲಿನ ಮೇಲಿತ್ತು.

ಮೊದಲ ಕೆಲವು ದಿನ ಎಲ್ಲ ಸರಿಯಿತ್ತು. ಒಂದು ಬೆಳಿಗ್ಗೆ ಕಾಲು ಒರೆಸಲು ಸೀರೆ ಸರಿಸಿದ ದಮಯಂತಿ ಬೆಚ್ಚಿಬಿದ್ದಳು. ತೊಡೆಯ ಹಿಂಭಾಗವೆಲ್ಲ ನೇರಳೆ ಹಣ್ಣು ಹಿಸುಕಿದಂತೆ ಕಪ್ಪು ನೀಲಿ. ಪಕ್ಕದ ಮನೆಯ ಕುಸುಮಾ ನೋಡಿ, "ರಕ್ತ ತೆಳುವಾದ್ರೆ ಒಳಗೊಳಗೇ ಸೋರುತ್ತೆ ಅಲ್ವಾ ದಮಯಂತಕ್ಕ?" ಎಂದಳು. ದಮಯಂತಿ ಫೋನು ಕೈಗೆತ್ತಿಕೊಂಡಳು. ಚಿಕ್ಕದಕ್ಕೆಲ್ಲ ಫೋನು ಮಾಡುತ್ತಾಳೆ ಎಂದು ಆಸ್ಪತ್ರೆಯವರು ಅಂದುಕೊಂಡಾರು ಅನಿಸಿ ಕೆಳಗಿಟ್ಟಳು. ಆವತ್ತಿನಿಂದ ಆ ಒಂದು ಮಾತ್ರೆ ಕೊಡಲಿಲ್ಲ. ಅತ್ತಿಗೆ ಕೈಗೆ ಕೊಟ್ಟದ್ದನ್ನು ಎಣಿಸದೆ ನುಂಗುವವರು. ದಮಯಂತಿಯೂ ಯಾರಿಗೂ ಹೇಳಲಿಲ್ಲ.

ಕಪ್ಪು ನಿಧಾನವಾಗಿ ತಿಳಿಯಾಗತೊಡಗಿತು. ತಾನು ಮಾಡಿದ್ದೇ ಸರಿ ಎಂದು ದಮಯಂತಿ ಸಮಾಧಾನ ಪಟ್ಟುಕೊಂಡಳು.

ಮತ್ತೆ ಕೆಲವು ದಿನ ಕಳೆದವು. ಒಂದು ದಿನ ಗಿರಣಿಯ ಬಾಗಿಲವರೆಗೆ ನಡೆದು ಬಂದ ಅತ್ತಿಗೆ ಇದ್ದಕ್ಕಿದ್ದಂತೆ ಕುರ್ಚಿ ಹಿಡಿದು ಕೂತರು.

"ಯಾಕೋ ಉಸ್ರು ಸಾಲ್ತಿಲ್ಲ ಕಣೇ."

"ಎದೆ ನೋವಾ ಅತ್ತಿಗೆ?"

"ಎಳ್ಕೊಂಡಾಗ ಚುಚ್ಚುತ್ತೆ. ಹಿಟ್ಟಿನ ಧೂಳಿರ್ಬೇಕು ಬಿಡು."

ದಮಯಂತಿ ಮಂಡಿಯೂರಿ ಕಾಲು ನೋಡಿದಳು. ಮೀನಖಂಡ ಊದಿ ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಎದ್ದು ಗಿರಣಿ ಆರಿಸಿದಳು. ಆ ಸದ್ದು ನಿಂತ ಮೇಲೆ ಅತ್ತಿಗೆಯ ಉಸಿರಾಟ ಎಷ್ಟು ಜೋರಾಗಿದೆ ಎಂಬುದು ಗೊತ್ತಾಯಿತು. ಗದ್ದೆಯಲ್ಲಿದ್ದ ಅಣ್ಣನನ್ನು ಕೂಗಿ ಕರೆದು, ಆಸ್ಪತ್ರೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

ವೀಣಾ ಒಂದೊಂದೇ ಕೇಳಿದಳು. ಉಸಿರು, ನೋವು, ಊತ. ಆಮೇಲೆ, "ರಕ್ತ ತೆಳು ಮಾಡೋ ಮಾತ್ರೆ ಬಿಡದೆ ಕೊಡ್ತಿದೀರ ಅಲ್ವಾ?"

ಕೆಸರುಗಾಲಲ್ಲಿ ಓಡಿ ಬಂದ ಮಂಜುನಾಥ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಮುಖ ಎತ್ತಿ ನೋಡುತ್ತಿದ್ದರು. ಹೂಂ ಎಂದುಬಿಡುವುದು ಸುಲಭವಿತ್ತು.

"ಇಲ್ಲ ಸಿಸ್ಟರ್. ಕಾಲು ಕಪ್ಪಾಗಿತ್ತು. ಹೆದ್ರಿ ನಾನೇ ನಿಲ್ಲಿಸ್ಬಿಟ್ಟೆ."

"ಸರಿ. ಹೇಳಿದ್ದು ಒಳ್ಳೇದಾಯ್ತು. ನೇರ ಮೈಸೂರಿಗೆ ಹೊರಡ್ಬೇಡಿ, ದೂರ ಆಗುತ್ತೆ. ಕುಶಾಲನಗರದ ಆಸ್ಪತ್ರೆಗೆ ಈಗ್ಲೇ ಹೋಗಿ. ನನಗೆ ಹೇಳಿದ್ದನ್ನೇ ಅಲ್ಲಿನ ಡಾಕ್ಟರಿಗೂ ಹೇಳಿ. ನಮ್ಮ ಡಾಕ್ಟರ್ ಅವರ ಜೊತೆ ಮಾತಾಡ್ತಾರೆ."

ನೆರೆಮನೆಯ ಮಹೇಶ್ ಓಮ್ನಿ ತಂದ. ಮಂಜುನಾಥ ಮುಂದೆ ಕೂತ, ಹಿಂದಿನ ಸೀಟಿನಲ್ಲಿ ಅತ್ತಿಗೆ ದಮಯಂತಿಗೆ ಒರಗಿ ಕೂತರು. ಹೆಬ್ಬಾಲೆ ಹತ್ತಿರ ಶುಂಠಿ ಮೂಟೆ ತುಂಬುತ್ತಿದ್ದ ಲಾರಿ ರಸ್ತೆಗೆ ಅಡ್ಡ ನಿಂತಿತ್ತು. ಮಹೇಶ್ ಹಾರ್ನ್ ಹೊಡೆದ, ಯಾರೂ ಅಲುಗಲಿಲ್ಲ. ದಮಯಂತಿ ಬಾಗಿಲು ತೆರೆದು ಇಳಿದು, "ಒಳಗೆ ಜೀವ ಹೋಗ್ತಿದೆ, ತೆಗೀರೋ ಗಾಡಿ!" ಎಂದು ಕಿರುಚಿದಳು. ಡ್ರೈವರು ಟೀ ಲೋಟ ಬಿಸಾಡಿ ಓಡಿದ.

ಗಾಡಿ ಮತ್ತೆ ಹೊರಟ ಮೇಲೆ ಅತ್ತಿಗೆ ತಡೆತಡೆದು ಕೇಳಿದರು. "ನಿಜ್ವಾಗ್ಲೂ ನಿಲ್ಲಿಸಿದ್ಯಾ?"

"ಹೂಂ ಅತ್ತಿಗೆ."

ಅವರು ಕಣ್ಣು ಮುಚ್ಚಿದರು. ತುಟಿ ಬಿಳಿಚಿಕೊಂಡಿತ್ತು. ಬೈದಿದ್ದರೂ ಚೆನ್ನಾಗಿತ್ತು ಎನಿಸಿತು ದಮಯಂತಿಗೆ. ಕೂಡಿಗೆ ದಾಟುವವರೆಗೂ ಅವಳು ಅತ್ತಿಗೆಯ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು.

ಕುಶಾಲನಗರದಲ್ಲಿ ಆಕ್ಸಿಜನ್ ಹಾಕಿ ಇಂಜೆಕ್ಷನ್ ಕೊಟ್ಟರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ತುಣುಕು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ ಎಂದು ಸ್ಕ್ಯಾನಿಂಗಿನಲ್ಲಿ ಕಂಡಿತು. ಚಿಕ್ಕದು, ಆದರೆ ಇನ್ನೊಂದು ದೊಡ್ಡದು ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು.

ಮಂಜುನಾಥ ತಡೆದುಕೊಳ್ಳಲಿಲ್ಲ. "ಒಂದೇ ದಿನಕ್ಕೆ ಮನೆಗೆ ಕಳಿಸಿದ್ದಕ್ಕೇ ಹಿಂಗಾಗಿದ್ದು!"

"ಎರಡು ರಾತ್ರಿ ಇಲ್ಲೇ ಇಟ್ಕೊಂಡಿದ್ರೂ ಇದು ಬರೋ ಹೊತ್ತಿಗೆ ಮನೇಲೇ ಇರ್ತಿದ್ರು," ಎಂದರು ಡಾಕ್ಟರು. "ಮಾತ್ರೆ ತಗೊಂಡ್ರೂ ಅಪರೂಪಕ್ಕೆ ಕೆಲವರಿಗೆ ಬರುತ್ತೆ. ಬಿಟ್ರೆ ಅಪಾಯ ಜಾಸ್ತಿ." ಆಮೇಲೆ ದಮಯಂತಿಯ ಕಡೆ ತಿರುಗಿದರು. "ಕಾಲು ನೀಲಿಯಾಗೋದು ಮಾಮೂಲಿ, ಹೆದರ್ಬೇಡಿ ಅಂತ ನಾವು ಮೊದ್ಲೇ ಹೇಳ್ಬೇಕಿತ್ತು. ಹೇಳಿಲ್ಲ. ಅದು ನಮ್ಮ ತಪ್ಪು."

ಆ ಮಾತಿನಿಂದ ದಮಯಂತಿಯ ಎದೆ ಭಾರವೇನೂ ಇಳಿಯಲಿಲ್ಲ. ಅತ್ತಿಗೆ ಮನೆಗೆ ಬಂದ ಮೇಲೆ ಮಾತ್ರೆ ಕೊಡುವ ಕೆಲಸವನ್ನು ಕುಸುಮಾಳಿಗೆ ಒಪ್ಪಿಸಿ, ತಾನು ಗಿರಣಿಯಲ್ಲೇ ಇರತೊಡಗಿದಳು. ಊಟದ ಹೊತ್ತಿಗೂ ಮಾತಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ವಾಕರ್ ತಳ್ಳಿಕೊಂಡು ಅಲ್ಲಿಗೇ ಬಂದರು.

"ಕುಸುಮಾ ಯಾಕೆ ಬರ್ಬೇಕು? ನಿನ್ ಕೈಗೇನಾಗಿದೆ?"

"ನಂಗೆ ಭಯ ಅತ್ತಿಗೆ."

"ನಂಗೂ ಭಯಾನೇ. ನಿನ್ ಮೇಲೆ ಸಿಟ್ಟೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಆವತ್ತು ಫೋನಲ್ಲಿ ಸುಳ್ಳು ಹೇಳಿದ್ದಿದ್ರೆ ನಾನು ಇಲ್ಲಿರ್ತಿದ್ನಾ?" ಅತ್ತಿಗೆ ಕೈ ಚಾಚಿದರು. "ಕೊಡು ಮಾತ್ರೆ. ನೀರೂ ತಾ."

ಮರುವರ್ಷ ಇನ್ನೊಂದು ಮಂಡಿಯ ಸರದಿ. ಒಮ್ಮೆ ರಕ್ತ ಹೆಪ್ಪುಗಟ್ಟಿದವರನ್ನು ಅದೇ ದಿನ ಕಳಿಸುವುದಿಲ್ಲ ಎಂದು ಡಾಕ್ಟರು ಅಡ್ಮಿಟ್ ಮಾಡಿಕೊಂಡರು. ಅತ್ತಿಗೆ ಆಸ್ಪತ್ರೆಯ ಸಾರಿಗೆ ಉಪ್ಪಿಲ್ಲ ಎಂದು ಗೊಣಗುತ್ತ ಮಲಗಿದ್ದರು. ದಮಯಂತಿ ವೀಣಾಳನ್ನು ಹಿಡಿದು ನಿಲ್ಲಿಸಿಕೊಂಡು, ಈ ಮಾತ್ರೆ ಯಾತಕ್ಕೆ, ಇದರಿಂದ ಏನೇನಾಗಬಹುದು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಕೇಳುತ್ತಿದ್ದಳು. ಅವಳ ಪ್ರಶ್ನೆಗಳು ಮುಗಿಯುವವರೆಗೂ ವೀಣಾ ಕದಲಲಿಲ್ಲ.