ರಸ್ತೆ ಬದಿಯ ತುಕ್ಕು ಸಾಲು

ನನ್ನ ಸೋಯಾ ತಳಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ವಿನಯ ತೋರಿಸುವವಳಲ್ಲ. ಅದು ನನ್ನದು. ಹೆತ್ತವಳಿಗೆ ಇರುವಷ್ಟೇ ಜಂಬ ನನಗೂ ಇದೆ. ಕೃಷಿ ಸಂಶೋಧನಾ ಕೇಂದ್ರದ ಆಫೀಸಿನಲ್ಲಿ ಯಾರಾದರೂ ಬಾಯಿತಪ್ಪಿ 'ನಮ್ಮ ತಳಿ' ಅಂದರೆ ಸಾಕು, ನನ್ನ ಮುಖ ನೋಡಿ ಅವರೇ ತಿದ್ದಿಕೊಳ್ಳುತ್ತಿದ್ದರು.

ಜಂಬ ಸುಮ್ಮನೆ ಬಂದದ್ದಲ್ಲ. ಸೋಯಾ ಮೊಗ್ಗು ಅಕ್ಕಿಕಾಳಿಗಿಂತ ದೊಡ್ಡದೇನಲ್ಲ. ಅದು ಅರಳುವ ಮೊದಲೇ, ಬೆಳಗಿನ ತಂಪಿನಲ್ಲಿ ಹೊಲದಲ್ಲಿ ಮಂಡಿಯೂರಿ, ಚಿಮುಟದಿಂದ ಅದರ ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗ ಸವರಬೇಕು. ಮುಟ್ಟಿದ ಮೊಗ್ಗುಗಳಲ್ಲಿ ಹೆಚ್ಚಿನವು ಉದುರಿಯೇ ಹೋಗುತ್ತವೆ. ಚಿನಕುರಳಿಯಲ್ಲಿ ರಾಗಿ, ಹುರುಳಿ ಬೆಳೆದೇ ಬದುಕಿದ ನನ್ನ ಅವ್ವ ಒಮ್ಮೆ ಬಂದು ಇದನ್ನೆಲ್ಲ ನೋಡಿ, "ಊವಿಗೆ ಮದ್ವೆ ಮಾಡ್ಸಕ್ಕೆ ಇಷ್ಟೊಂದು ಓದ್ಬೇಕಾಗಿತ್ತೇನವ್ವ?" ಅಂದಿದ್ದಳು. ಬೇಕಾಗಿತ್ತು. ಹೆಣ್ಣಿನ ಕಡೆಯದು ಮೈತುಂಬ ಕಾಯಿ ಬಿಡುವ ಗಿಡ, ಆದರೆ ತುಕ್ಕುರೋಗ ಬಂದರೆ ಎಲೆಯೆಲ್ಲ ಉದುರಿಸಿ ಕೂರುತ್ತಿತ್ತು. ಗಂಡಿನ ಕಡೆಯದು ಸಣಕಲು, ಕಾಳೂ ಚಿಕ್ಕದು, ಆದರೆ ತುಕ್ಕಿಗೆ ಜಗ್ಗುತ್ತಿರಲಿಲ್ಲ. ಎರಡರ ಒಳ್ಳೆಯ ಗುಣ ಒಂದೇ ಗಿಡದಲ್ಲಿ ಕೂಡಿಬರಲು ವರ್ಷಗಳೇ ಹಿಡಿದವು.

ಕೊನೆಗೆ ಉಳಿದ ಒಂದು ತಳಿ ಆ ಮುಂಗಾರಿನಲ್ಲಿ ರೈತರ ಹೊಲದಲ್ಲಿ, ಪರಿಶೀಲನಾ ಸಮಿತಿಯ ಕಣ್ಣೆದುರು, ರೋಗ ತಾಳಿ ತೋರಿಸಬೇಕಿತ್ತು. ತೋರಿಸದಿದ್ದರೆ ಅದನ್ನು ಅಲ್ಲಿಗೇ ಕೈಬಿಡುವುದೆಂದು ತೀರ್ಮಾನವಾಗಿತ್ತು.

ಹೊಲ ಕೊಟ್ಟವರು ಬಿಂಡಿಗನವಿಲೆಯ ಒಬ್ಬ ಹಿರಿಯ ಗೌಡರು. ನಾಗಮಂಗಲದ ಬಸ್ಸು ಹೋಗುವ ರಸ್ತೆಗೆ ಅಂಟಿಕೊಂಡ, ಮಳೆಯನ್ನೇ ನಂಬಿದ ಖುಷ್ಕಿ ಜಮೀನು. ನಡುವೆ ನನ್ನ ತಳಿ, ಸುತ್ತ ತುಕ್ಕಿಗೆ ಬೇಗ ಬೀಳುವ ಹಳೆಯ ತಳಿಯ ಸಾಲುಗಳು. ಆ ಸಾಲುಗಳಿಗೆ ರೋಗ ಬರಲೇಬೇಕು, ಅಲ್ಲಿಂದ ಅದು ಒಳಗಿನ ಗಿಡಗಳ ಮೇಲೆ ಏರಿಹೋಗಬೇಕು. ಆಗಲೇ ಪರೀಕ್ಷೆ. ಇದನ್ನು ಗೌಡರಿಗೆ ಬಿಡಿಸಿ ಹೇಳಿದ್ದೆ. ಅವರೂ ತಲೆ ಆಡಿಸಿದ್ದರು.

ಆದರೆ ಆ ಸಾಲುಗಳ ಎಲೆ ಕಂದಿ, ಅಡಿಯಲ್ಲಿ ಇಟ್ಟಿಗೆ ಪುಡಿಯಂಥ ಧೂಳು ಕಾಣಿಸಿಕೊಂಡಾಗ ಬಸ್ಸಿನವರು ಸುಮ್ಮನಿರಲಿಲ್ಲ. ಕಿಟಕಿಯಿಂದ ಯಾರೋ, "ಗೌಡ್ನ ವಲ ನೋಡ್ರಲಾ, ಯೆಂಗೆ ಕೆಟ್ಟೋಗದೆ!" ಎಂದು ಕೂಗಿದರಂತೆ. ಗೌಡರು ಹೊಲ ಚೊಕ್ಕಟವಾಗಿ ಇಟ್ಟುಕೊಳ್ಳುವುದರಲ್ಲಿ ಆ ಸೀಮೆಗೇ ಹೆಸರಾದವರು. ಮರುದಿನವೇ ಫೋನು ಮಾಡಿದರು.

"ಮೇಡಮ್ಮೋರೆ, ಯೋಚ್ನೆ ಮಾಡ್ಬ್ಯಾಡಿ. ಪೂರ್ತಿ ವಲಕ್ಕೆ ಔಸ್ದಿ ಒಡೆಸ್ಬುಟ್ಟೆ. ರೋಗ ನಿಂತೋಯ್ತದೆ."

ನಾನು ಹೊಲ ಮುಟ್ಟುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು. ಓದಿದ ಭಾಷೆಯೆಲ್ಲ ಮರೆತು ಚಿನಕುರಳಿಯ ಬಾಯಿ ಹೊರಬಂತು. "ಏನ್ ಮಾಡ್ಬುಟ್ರಿ ಗೌಡ್ರೆ! ರೋಗ ಇಲ್ದೆ ನಾನ್ಯಾರ್ಗೆ ಏನ್ ತೋರುಸ್ಲಿ?"

"ಅಲ್ಲಾ ಕಣವ್ವ, ಬಸ್ಸಲ್ಲಿ ಓಗೋರೆಲ್ಲಾ ನಗಾಡ್ತಾವ್ರೆ. ಮಾನ ಓಗ್ತಿತ್ತಲ್ಲ!"

ನನಗೆ ಅಳು ಬಂತು, ಅತ್ತುಬಿಟ್ಟೆ. ಔಷಧಿಯ ಜೋರು ಇಳಿಯುವವರೆಗೆ ಕಾದು, ಮತ್ತೆ ರೋಗ ತರಿಸುವುದೊಂದೇ ದಾರಿ ಉಳಿದಿತ್ತು. ಹೊಸಹೊಳಲಿನ ಹತ್ತಿರ ನಮ್ಮ ಕೇಂದ್ರದ ಇನ್ನೊಂದು ಪ್ರಯೋಗದ ತಾಕು ಇದೆ, ಅಲ್ಲಿಂದ ತುಕ್ಕು ಹಿಡಿದ ಎಲೆ ತಂದು ನೀರಿನಲ್ಲಿ ಕಿವುಚಿ ಸಿಂಪಡಿಸಬೇಕು ಎಂದೆ. ಕಾಯಿಲೆಯನ್ನು ಕೈಯಾರೆ ಹೊಲಕ್ಕೆ ಬಿಡುವುದು ಗೌಡರು ಜನ್ಮದಲ್ಲಿ ಮಾಡಿರದ ಕೆಲಸ.

ಕಾಯುವ ದಿನಗಳಲ್ಲಿ ಮಳೆಯೂ ಕೈಕೊಟ್ಟಿತು. ಸುತ್ತಲಿನ ಸಾಲುಗಳು ಮಧ್ಯಾಹ್ನದ ಹೊತ್ತಿಗೆ ಜೋಲುತ್ತಿದ್ದವು. ನನ್ನ ಗಿಡಗಳು ಎಲೆ ಬಿಗಿಹಿಡಿದು ನಿಂತಿದ್ದವು. ಗೌಡರು ಅದನ್ನು ಗಮನಿಸಿದ್ದರು. ಆಮೇಲೆ ಮೋಡ ಕವಿದು ಸೋನೆ ಹಿಡಿದ ಸಂಜೆ ನಾನು ಎಲೆಯ ನೀರು ಸೋಸಿ ತಂದಾಗ, ಅವರೇ ಬಂದು ಸಿಂಪಡಿಸುವ ಡಬ್ಬಿಯನ್ನು ಬೆನ್ನಿಗೇರಿಸಿಕೊಂಡರು.

"ಕೊಡವ್ವ ಇಲ್ಲಿ. ಕೆಡ್ಸಿದ್ದು ನಾನು, ನಾನೇ ಒಡೀತೀನಿ."

ರಸ್ತೆಯ ಬದಿಯಿಂದಲೇ ಶುರುಮಾಡಿದರು. ಬಸ್ಸು ಬಂದಾಗ ಮಾತ್ರ ಮುಖ ಆಚೆ ತಿರುಗಿಸಿದರು.

ತುಕ್ಕು ಬಂತು. ಬಂದದ್ದೇನು, ರಸ್ತೆ ಬದಿಯ ಸಾಲುಗಳನ್ನು ಬರೀ ಕಡ್ಡಿ ಮಾಡಿಬಿಟ್ಟಿತು. ಹೋದಾಗಲೆಲ್ಲ ನನ್ನ ಗಿಡಗಳ ಎಲೆ ಮಗುಚಿ ನೋಡುತ್ತಿದ್ದೆ. ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ, ಅಷ್ಟೇ. ಚುಕ್ಕೆ ಬೆಳೆಯಲಿಲ್ಲ, ಎಲೆ ಉದುರಲಿಲ್ಲ. ಗೊಂಚಲು ಗೊಂಚಲು ಕಾಯಿ ಕಟ್ಟಿ, ಕಾಳು ತುಂಬುತ್ತ ಬಂತು.

ಸಮಿತಿ ಬರುವ ಹಿಂದಿನ ದಿನ ಪಕ್ಕದ ಹೊಲದವರು ಬಂದು, ದೊಡ್ಡವರು ಬರುವಾಗ ಈ ಒಣಗಿದ ಸಾಲುಗಳು ಚೆನ್ನಾಗಿರುವುದಿಲ್ಲ, ಕಿತ್ತುಹಾಕೋಣ ಎಂದರು. ನಾನು ಬಾಯಿ ತೆರೆಯುವ ಮೊದಲೇ ಗೌಡರು ಎಗರಿದರು. "ಅದ್ರ ಮೇಲೆ ಕೈ ಇಕ್ಕೀರಾ, ಉಸಾರು!"

ಮರುದಿನ ಸಮಿತಿಯವರನ್ನು ಅವರು ಮೊದಲು ಕರೆದೊಯ್ದದ್ದು ಅಲ್ಲಿಗೇ. "ಇದ್ಕೆ ರೋಗ ನಾನೇ ಒಡ್ದಿದ್ದು. ಈಗ ಒಳೀಕ್ ಬನ್ನಿ." ಬಂದವರು ಹಸಿರು ಗಿಡಗಳ ನಡುವೆ ಬಾಗಿ, ಎಲೆ ಮಗುಚಿ, ಒಬ್ಬರನ್ನೊಬ್ಬರು ನೋಡಿಕೊಂಡರು. ಇದನ್ನು ಮುಂದಿನ ಹಂತಕ್ಕೆ ಕಳಿಸೋಣ ಎಂದು ಹಿರಿಯರೊಬ್ಬರು ಅಲ್ಲೇ ಹೇಳಿದರು. ನನ್ನ ಎದೆ ಉಬ್ಬಿಹೋಯಿತು.

ಅಷ್ಟರಲ್ಲಿ ನಾಗಮಂಗಲದ ಬಸ್ಸು ಬಂತು. ಗೌಡರು ಹೆಗಲ ಮೇಲಿನ ಟವೆಲ್ ಬೀಸುತ್ತ ರಸ್ತೆಗೆ ಓಡಿ, ಕೈ ಅಡ್ಡಹಾಕಿ ಅದನ್ನು ನಿಲ್ಲಿಸಿಯೇಬಿಟ್ಟರು.

"ಅವತ್ತು ನಗಾಡಿದ್ರಲ್ಲಾ, ಈಗ ಇಳ್ದು ನೋಡ್ರಲಾ! ನಾನೂ ನಮ್ ಮೇಡಮ್ಮೋರೂ ಸೇರ್ಕಂಡು ಮಾಡಿರೋ ತಳಿ ಕಣ್ರಲಾ ಇದು!"

ಸಮಿತಿಯವರು ನನ್ನ ಮುಖ ನೋಡಿದರು. ನಾನು ತಿದ್ದಲಿಲ್ಲ. ಬಸ್ಸಿನಿಂದ ಇಳಿದವರಿಗೆ ದಾರಿ ತೋರಿಸಲು ಗೌಡರ ಹಿಂದೆಯೇ ಹೋದೆ.